ಕಾಗದದಲ್ಲಿದ್ದ ಮೂರನೇ ಫ್ಯಾನು

"ಮೂರನೇ ಫ್ಯಾನ್ ಎಲ್ಲಿ ಸಾರ್?"

ಓನರ್ ಹೀಗೆ ಕೇಳುವ ಹೊತ್ತಿಗೆ ನಮ್ಮ ಸಾಮಾನೆಲ್ಲ ಟೆಂಪೋ ಹತ್ತಿತ್ತು. ಹಂಪಿನಗರದ ಆ ಎರಡನೇ ಮಹಡಿಯ ಮನೆಯಲ್ಲಿ ನಾವು ಐದು ವರ್ಷ ಇದ್ದೆವು. ಹಾಲ್‌ನಲ್ಲೊಂದು, ದೊಡ್ಡ ರೂಮಿನಲ್ಲೊಂದು, ಇದ್ದದ್ದು ಎರಡೇ ಫ್ಯಾನು. ಚಿಕ್ಕ ರೂಮಿನ ಸೂರಿನಲ್ಲಿ ಬರೀ ಕೊಕ್ಕೆ ಇತ್ತು. ಮಗ ಹುಟ್ಟಿದಾಗ ಅದಕ್ಕೆ ತೊಟ್ಟಿಲು ಕಟ್ಟಿದ್ದೆವು. ಫ್ಯಾನು ಅಲ್ಲಿ ಒಂದು ದಿನವೂ ತಿರುಗಿರಲಿಲ್ಲ. ಹಾಗಂತ ಹೇಳಿದೆ. ಅವರು ಬಾಗಿಲ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಕರಾರು ಪತ್ರ ಬಿಚ್ಚಿಟ್ಟು ಕೊನೆಯ ಪುಟ ತೋರಿಸಿದರು. "ಫ್ಯಾನ್ 3, ಟ್ಯೂಬ್‌ಲೈಟ್ 6, ಗೀಸರ್ 1." ಅದರ ಕೆಳಗೆ ನನ್ನದೇ ಸಹಿ.

ಸಹಿ ಹಾಕಿದ ದಿನ ಚೆನ್ನಾಗಿ ನೆನಪಿದೆ. ಟೈಪಿಂಗ್ ಅಂಗಡಿಯ ಮುಂದೆ, ಸ್ಕೂಟರ್ ಸೀಟಿನ ಮೇಲೆ ಕಾಗದ ಇಟ್ಟುಕೊಂಡು, ಅಂಗಡಿಯವನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಟ್ಟ ಕಡೆಯೆಲ್ಲ ಸರಸರ ಸಹಿ ಹಾಕಿದ್ದೆ. ಅವನ ಕಂಪ್ಯೂಟರಿನಲ್ಲಿ ಇನ್ಯಾರದೋ ಮನೆಯ ಕರಾರು ಇತ್ತು. ಹೆಸರು ಬದಲಾಯಿಸಿದ, ವಿಳಾಸ ಬದಲಾಯಿಸಿದ, ಬಾಡಿಗೆ ಬದಲಾಯಿಸಿದ. ಫ್ಯಾನು ಬದಲಾಯಿಸಲಿಲ್ಲ. ಓನರ್ ಕೆಟ್ಟವರೇನಲ್ಲ. ಅವರೂ ಅದನ್ನು ಓದಿರಲಿಲ್ಲ. ಐದು ವರ್ಷದ ಮೇಲೆ ಅವರಿಗೂ ನೆನಪಿರಲಿಲ್ಲ, ಕಾಗದಕ್ಕೆ ಮಾತ್ರ ನೆನಪಿತ್ತು. ಅಡ್ವಾನ್ಸ್‌ನಲ್ಲಿ ಫ್ಯಾನಿನ ದುಡ್ಡೂ ಹೋಯಿತು, ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆಯೂ ಹೋಯಿತು.

ಆ ಫ್ಯಾನಿನಿಂದಾಗಿ ನಾನು ಕರಾರು ಪತ್ರಗಳನ್ನು ಓದಲು ಶುರು ಮಾಡಿದೆ. ಮೊದಲು ನನ್ನದು, ಆಮೇಲೆ ನೆಂಟರದು, ಆಮೇಲೆ ಆಫೀಸಿನವರದು. ಅದರ ಹಿಂದಿನ ಕಾನೂನನ್ನೂ ಓದಿದೆ. ಮನೆ ಬಾಡಿಗೆಯ ತಳಪಾಯ ಇವತ್ತಿಗೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಮಾಲೀಕ ಏನು ಮಾಡಬೇಕು, ಬಾಡಿಗೆದಾರ ಏನು ಮಾಡಬೇಕು ಎಂದು ಒಂದೊಂದಾಗಿ ಹೇಳುತ್ತದೆ. ಹೇಳುವ ಮುಂಚೆ ಒಂದು ಷರತ್ತು ಹಾಕುತ್ತದೆ: ಇದಕ್ಕೆ ವಿರುದ್ಧವಾದ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ. ಅಂದರೆ ಕರಾರು ಸುಮ್ಮನಿರುವ ಕಡೆ ಕಾನೂನು ಮಾತಾಡುತ್ತದೆ. ಕರಾರು ಮಾತಾಡಿದ ಕಡೆ ಕಾನೂನು ಸುಮ್ಮನಾಗುತ್ತದೆ. ನಾವು ಸ್ಕೂಟರ್ ಸೀಟಿನ ಮೇಲಿಟ್ಟು ಸಹಿ ಹಾಕುವ ಆ ನಾಲ್ಕು ಹಾಳೆಗೆ ಇಷ್ಟು ತೂಕವಿದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಠಾರದಿಂದ ಹನ್ನೊಂದು ತಿಂಗಳಿಗೆ

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದ ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ನಡುವೆ ತುಳಸಿಕಟ್ಟೆ. 'ಗಣೇಶನ ಮದುವೆ' ಸಿನಿಮಾ 1990ರಲ್ಲಿ ಬಂದಾಗ ನಮ್ಮ ವಠಾರದವರೆಲ್ಲ ಒಟ್ಟಿಗೆ ನೋಡಿ ಬಂದು, ಯಾರು ಯಾವ ಪಾತ್ರ ಎಂದು ವಾರವಿಡೀ ಹಂಚಿಕೊಂಡೆವು. ಅಪ್ಪನಿಗೂ ಮನೆ ಯಜಮಾನರಿಗೂ ನಡುವೆ ಕರಾರು ಪತ್ರ ಇರಲಿಲ್ಲ. ಉದ್ದದ ನೋಟ್‌ಬುಕ್ ಒಂದಿತ್ತು. ಪ್ರತಿ ತಿಂಗಳು ಐದನೇ ತಾರೀಕು ಅಪ್ಪ ದುಡ್ಡು ಕೊಟ್ಟರೆ ಯಜಮಾನರು ಅದರಲ್ಲಿ ಬರೆದು ಸಹಿ ಹಾಕುತ್ತಿದ್ದರು. ಅಷ್ಟೇ.

ಅಷ್ಟರಲ್ಲೇ ನಡೆಯುತ್ತಿತ್ತು, ಏಕೆಂದರೆ ಆಗ 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರರನ್ನು ಬಿಡಿಸುವಂತಿರಲಿಲ್ಲ. ಬಾಡಿಗೆದಾರನಿಗೆ ಅದು ದೊಡ್ಡ ಆಸರೆ. ಆದರೆ ಮಗಳ ಮದುವೆಗೆ ಮನೆ ಬೇಕು ಎಂದ ಮಾಲೀಕರು ಮಗಳ ಮಗುವಿಗೆ ಶಾಲೆ ಸೇರಿಸುವವರೆಗೂ ಕೋರ್ಟು ಅಲೆದ ಕಥೆಗಳೂ ನಮ್ಮ ಬೀದಿಯಲ್ಲಿದ್ದವು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇವತ್ತು ವಿಜಯನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಆ ದುಡ್ಡಿಗೆ ಸಂಸಾರ ಹೂಡುವಂಥ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ನಮ್ಮಲ್ಲಿ ಬಹುತೇಕ ಬಾಡಿಗೆದಾರರು ಆ ಕಾಯ್ದೆಯ ನೆರಳಿನಿಂದ ಹೊರಗೆ, 1882ರ ಹಳೇ ಕಾಯ್ದೆಯ ಮತ್ತು ತಮ್ಮದೇ ಕರಾರಿನ ಕೈಯಲ್ಲಿದ್ದಾರೆ. ಮಾಲೀಕರ ಮನಸ್ಸಿನಲ್ಲಿ ಮಾತ್ರ 1961ರ ಭಯ ಉಳಿದುಕೊಂಡಿದೆ. ಹನ್ನೊಂದೇ ತಿಂಗಳಿಗೆ ಬರೆಸುವುದರ ಹಿಂದೆ, ದೊಡ್ಡ ಅಡ್ವಾನ್ಸ್ ಕೇಳುವುದರ ಹಿಂದೆ ಆ ಭಯದ ಪಾಲೂ ಇದೆ ಎಂಬುದು ನನ್ನ ಅನಿಸಿಕೆ.

ಹನ್ನೊಂದು ತಿಂಗಳಿಗೆ ಕಾನೂನಿನ ಕಾರಣ ಬೇರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮೂ 1908ರ ನೋಂದಣಿ ಕಾಯ್ದೆಯ 17ನೇ ಕಲಮೂ ಹೇಳುತ್ತವೆ. ಹನ್ನೊಂದು ತಿಂಗಳಾದರೆ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತುವ ಕೆಲಸ ತಪ್ಪುತ್ತದೆ, ಖರ್ಚೂ ಉಳಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಹನ್ನೊಂದು ತಿಂಗಳು ಮುಗಿದ ಮೇಲೂ ಹೊಸ ಕಾಗದವಿಲ್ಲದೆ ಬಾಡಿಗೆ ಕೊಡುತ್ತ, ಅವರು ತೆಗೆದುಕೊಳ್ಳುತ್ತ ಹೋದರೆ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ಬಿಡಿಸಲು, ಬಿಡಲು 15 ದಿನಗಳ ನೋಟಿಸ್ ಸಾಕು ಎನ್ನುತ್ತದೆ 106ನೇ ಕಲಂ. "ಎರಡು ತಿಂಗಳು ಮುಂಚೆ ಹೇಳಬೇಕು" ಎಂದು ಹಳೇ ಕಾಗದದಲ್ಲಿದ್ದದ್ದನ್ನೇ ನಂಬಿ ಕೂತವರು ಇಲ್ಲಿ ಎಡವುತ್ತಾರೆ. ವರ್ಷಕ್ಕೊಮ್ಮೆ ಹೊಸ ಇ-ಸ್ಟಾಂಪ್ ಕಾಗದ ಮಾಡಿಸಿಕೊಳ್ಳುವುದು ನನಗೆ ಈಗ ಯುಗಾದಿಗೆ ಸುಣ್ಣ ಬಳಿದಷ್ಟೇ ರೂಢಿಯ ಕೆಲಸ.

ಬೆಂಗಳೂರಿನ 'ಲೀಸ್'

ಇಂಗ್ಲಿಷ್ ನಿಘಂಟಿನಲ್ಲಿ ಲೀಸ್ ಎಂದರೆ ಗುತ್ತಿಗೆ. ಬೆಂಗಳೂರಿನ ಬೀದಿಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ. "ರೆಂಟಾ, ಲೀಸಾ?" ಎಂದು ಬ್ರೋಕರ್ ಕೇಳಿದರೆ, ತಿಂಗಳು ತಿಂಗಳು ಕೊಡ್ತೀರಾ ಅಥವಾ ಒಟ್ಟಿಗೆ ದುಡ್ಡು ಹಾಕ್ತೀರಾ ಎಂದು ಕೇಳಿದ ಹಾಗೆ. ನಮ್ಮ ಅಜ್ಜಿ ಅದನ್ನು ಭೋಗ್ಯ ಎನ್ನುತ್ತಿದ್ದರು. ಊರ ಕಡೆ ಹೊಲ ಭೋಗ್ಯಕ್ಕೆ ಹಾಕುತ್ತಿದ್ದರು, ಇಲ್ಲಿ ಮನೆ. ಹತ್ತೋ ಹದಿನೈದೋ ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಪೂರ್ತಿ ದುಡ್ಡು ವಾಪಸ್.

ಲೆಕ್ಕ ನೋಡಿದರೆ ಇದರ ಸೆಳೆತ ಗೊತ್ತಾಗುತ್ತದೆ. 15 ಲಕ್ಷವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 1,05,000 ರೂಪಾಯಿ, ತಿಂಗಳಿಗೆ 8,750. ಅದೇ ಮನೆಗೆ ಬಾಡಿಗೆ 18,000 ಇದ್ದರೆ, ಭೋಗ್ಯಕ್ಕೆ ಹಾಕಿಕೊಂಡವರಿಗೆ ತಿಂಗಳಿಗೆ ಒಂಬತ್ತು ಸಾವಿರ ಉಳಿಯಿತು. ಮಗಳ ಫೀಸು ಅದರಲ್ಲೇ ಬಂತು. ಮಾಲೀಕರಿಗೆ ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲದೆ ದೊಡ್ಡ ಮೊತ್ತ ಕೈಗೆ ಬರುತ್ತದೆ. ಮೇಲಿನ ಮಹಡಿ ಕಟ್ಟಿದ್ದೋ, ಮಗನನ್ನು ಓದಿಸಿದ್ದೋ ಅದರಲ್ಲೇ. ಎರಡೂ ಕಡೆಯವರು ನೆಟ್ಟಗಿದ್ದರೆ ಇದು ಒಳ್ಳೆಯ ಏರ್ಪಾಡು. ನಮ್ಮ ಚಿಕ್ಕಪ್ಪ ಕಾಮಾಕ್ಷಿಪಾಳ್ಯದಲ್ಲಿ ಭೋಗ್ಯದ ಮನೆಯಲ್ಲಿದ್ದುಕೊಂಡೇ ಉಳಿಸಿ, ಆಮೇಲೆ ಸೈಟು ಕೊಂಡರು.

ಹೆದರಿಕೆ ಇರುವುದು ಕಾಗದದಲ್ಲಿ. ಮೂರು ವರ್ಷದ ಭೋಗ್ಯವನ್ನು ನೂರಿನ್ನೂರು ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ ಬರೆಸಿ, ನೋಟರಿ ಹತ್ತಿರ ಮೊಹರು ಹಾಕಿಸಿ, ಬೀರುವಿನಲ್ಲಿಟ್ಟು ನೆಮ್ಮದಿಯಾಗಿರುವವರು ಈ ಪಶ್ಚಿಮ ಬೆಂಗಳೂರಿನಲ್ಲಿ ಎಷ್ಟು ಜನ! ನೋಟರಿ ಮೊಹರು ನೋಂದಣಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೂರು ವರ್ಷದ ಗುತ್ತಿಗೆಯನ್ನು ನೋಂದಾಯಿಸದಿದ್ದರೆ ಕಾನೂನಿನ ಕಣ್ಣಿನಲ್ಲಿ ಆ ಮೂರು ವರ್ಷವೇ ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಆಂಥನಿ ಮತ್ತು ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ಪ್ರಕರಣದಲ್ಲಿ ಐದು ವರ್ಷದ, ನೋಂದಣಿಯಾಗದ ಗುತ್ತಿಗೆ ಪತ್ರವನ್ನು ನೋಡಿ ಹೇಳಿದ್ದು ಇದನ್ನೇ: ಆ ಪತ್ರದಿಂದ ಐದು ವರ್ಷದ ಹಕ್ಕು ಹುಟ್ಟುವುದಿಲ್ಲ, ಮನೆಯಲ್ಲಿದ್ದು ಬಾಡಿಗೆ ಕೊಟ್ಟಿದ್ದರಿಂದ ಹುಟ್ಟುವುದು ತಿಂಗಳ ಲೆಕ್ಕದ ಬಾಡಿಗೆ ಹಕ್ಕು ಮಾತ್ರ. ಅದರ ಮೇಲೆ ಮುದ್ರಾಂಕ ಶುಲ್ಕದ ತೊಡಕು. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಕಡಿಮೆ ಶುಲ್ಕ ಕಟ್ಟಿದ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕು. ಬರೆಸುವ ದಿನ ಉಳಿಸಿದ ದುಡ್ಡು ಎಲ್ಲಿ ಹೋಗಿ ಕೂರುತ್ತದೆ ನೋಡಿ.

ಇನ್ನೂ ಒಂದು ಸೂಕ್ಷ್ಮವಿದೆ, ಇದನ್ನು ವಕೀಲರು ಬಿಟ್ಟರೆ ಯಾರೂ ಹೇಳುವುದಿಲ್ಲ. ದುಡ್ಡು ಕೊಟ್ಟು, ಬಡ್ಡಿಯ ಬದಲಿಗೆ ಸ್ವತ್ತನ್ನು ಅನುಭವಿಸುವ ಅಡಮಾನವೊಂದು ಅದೇ 1882ರ ಕಾಯ್ದೆಯ 58ನೇ ಕಲಮಿನಲ್ಲಿದೆ. ಅದೇ ಅಸಲಿ ಭೋಗ್ಯ. ಅದನ್ನು ಸರಿಯಾಗಿ ಬರೆದು ನೋಂದಾಯಿಸಿದರೆ, ಕೊಟ್ಟ ದುಡ್ಡು ಕೈಸೇರುವವರೆಗೂ ಮನೆ ಬಿಡದೆ ಇರುವ ಹಕ್ಕು ಆ ಕಾಗದದಿಂದಲೇ ಬರುತ್ತದೆ. ನಾವು ಬರೆಸುವ 'ಲೀಸ್ ಅಗ್ರಿಮೆಂಟ್' ಹೆಸರಿಗೆ ಗುತ್ತಿಗೆ, ಹೂರಣಕ್ಕೆ ಭೋಗ್ಯ, ನೋಂದಣಿಗೆ ಎರಡೂ ಅಲ್ಲ. ಹದಿನೈದು ಲಕ್ಷ ಕೊಡುವವರು ಹತ್ತು ಸಾವಿರ ವಕೀಲರಿಗೆ ಕೊಟ್ಟು ಇದನ್ನು ಬಗೆಹರಿಸಿಕೊಳ್ಳುವುದು ದುಬಾರಿ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರಂತೂ ಸಂಕಟ ದೊಡ್ಡದು. ಮಾಲೀಕರು ಕಂತು ನಿಲ್ಲಿಸಿದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ಪಡೆಯಲು ಬರುತ್ತದೆ. ಬಾಗಿಲಿಗೆ ನೋಟಿಸ್ ಅಂಟಿಸಿದ ದಿನವೇ ಎಷ್ಟೋ ಸಂಸಾರಗಳಿಗೆ ಸಾಲದ ಸುದ್ದಿ ಗೊತ್ತಾಗುವುದು. 2019ರ ಬಜರಂಗ್ ಶ್ಯಾಮಸುಂದರ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಡಿಗೆದಾರರ ಹಕ್ಕು ಎಲ್ಲಿಯವರೆಗೆ ಎಂದು ಗೆರೆ ಎಳೆಯಿತು: ಅಡಮಾನಕ್ಕೆ ಮುಂಚಿನ ನೋಂದಾಯಿತ ಗುತ್ತಿಗೆಗೆ ರಕ್ಷಣೆಯಿದೆ, ನೋಂದಣಿಯಾಗದ ಕಾಗದವನ್ನೋ ಬಾಯಿಮಾತನ್ನೋ ನಂಬಿದವರು 107ನೇ ಕಲಂ ಹೇಳುವ ಅವಧಿಗಿಂತ ಹೆಚ್ಚು ಉಳಿಯುವಂತಿಲ್ಲ. ಮಾಲೀಕರಿಂದ ಮನೆಯನ್ನು ಬಾಡಿಗೆಗೆ ಪಡೆದು, ಅದನ್ನೇ ಇನ್ನೊಬ್ಬರಿಗೆ ಲೀಸ್‌ಗೆ ಕೊಟ್ಟು, ಲಕ್ಷಗಳನ್ನು ತಾವಿಟ್ಟುಕೊಂಡು ಮಾಯವಾಗುವ ಮಧ್ಯವರ್ತಿಗಳ ಮೋಸವೂ ಈ ಊರಿನ ಠಾಣೆಗಳಿಗೆ ಹೊಸದಲ್ಲ. ಅಲ್ಲಿ ಮಾಲೀಕರೂ ಅಳುತ್ತಾರೆ, ಬಾಡಿಗೆದಾರರೂ ಅಳುತ್ತಾರೆ. ಆದ್ದರಿಂದ ದುಡ್ಡು ಹೋಗಬೇಕಾದದ್ದು ಖಾತೆಯಲ್ಲಿ ಹೆಸರಿರುವವರ ಬ್ಯಾಂಕ್ ಅಕೌಂಟಿಗೆ ಮಾತ್ರ. ನಗದಂತೂ ಬೇಡವೇ ಬೇಡ.

ಖಾತೆಯ ಮಾತು ಬಂದಾಗ ಇನ್ನೊಂದು. ವಿಜಯನಗರ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಮನೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ. ಕೆಳಗೆ ಅಣ್ಣ, ಮಧ್ಯೆ ತಮ್ಮ, ಮೇಲಿನದು ಬಾಡಿಗೆಗೆ. ಅಣ್ಣ ಒಬ್ಬರೇ ಸಹಿ ಹಾಕಿರುತ್ತಾರೆ. ಪಾಲು ಆಗುವ ಕಾಲಕ್ಕೆ ತಮ್ಮ, ತಂಗಿ ಬಂದು "ನಮ್ಮನ್ನು ಕೇಳಿದ್ರಾ?" ಎಂದರೆ ಬಾಡಿಗೆದಾರ ಯಾರ ಮುಖ ನೋಡಬೇಕು? ಎಲ್ಲರ ಸಹಿ ಕೇಳುವುದು ಅಗೌರವವಲ್ಲ.

ಯಾರ ಪಾಲಿಗೆ ಏನು

108ನೇ ಕಲಮನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ರತಿ ಮೆಟ್ಟಿಲ ಕೆಳಗೂ ತೂಗು ಹಾಕಬೇಕು ಎಂದು ನನಗೆ ಆಸೆ. ಅದರಲ್ಲಿ ಎರಡೂ ಕಡೆಯವರ ಮರ್ಯಾದೆ ಇದೆ. ಮನೆಯಲ್ಲಿ ತನಗೆ ಗೊತ್ತಿರುವ, ನೋಡಿದರೆ ಕಾಣದ ದೋಷವಿದ್ದರೆ ಮಾಲೀಕ ಮೊದಲೇ ಹೇಳಬೇಕು. ಕೆಂಗೇರಿ ಕಡೆ ವೃಷಭಾವತಿಗೆ ಸೇರುವ ರಾಜಕಾಲುವೆ ಪಕ್ಕದ ಮನೆಯ ಕೆಳ ಅಂತಸ್ತಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ ಎಂಬುದು ಬೇಸಿಗೆಯಲ್ಲಿ ಮನೆ ನೋಡಲು ಬಂದವರಿಗೆ ಕಾಣುವುದಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಿರುವವರು ಯಾರ ಕಾಟವೂ ಇಲ್ಲದೆ ಇರುವಂತಾಗಬೇಕು ಎಂಬುದೂ ಅಲ್ಲಿದೆ. ಮಾಲೀಕರು ಮಾಡಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರದು ಎಂಬುದನ್ನು ಕರಾರೇ ಹೇಳಬೇಕು. ಒಡೆದ ನಲ್ಲಿ, ಸುಟ್ಟ ಬಲ್ಬು ನಮ್ಮದು. ಸೋರುವ ತಾರಸಿ, ಕಟ್ಟಿಕೊಂಡ ಒಳಚರಂಡಿ, ಸುಟ್ಟ ಮೋಟಾರು ಅವರದು ಎಂದು ನಾನು ಬರೆಸುತ್ತೇನೆ.

ಬಾಡಿಗೆದಾರರ ಪಾಲೂ ಸಣ್ಣದಲ್ಲ. ಹೇಳಿದ ದಿನ ಹೇಳಿದ ಬಾಡಿಗೆ. ತನ್ನದೇ ಸ್ವತ್ತನ್ನು ವಿವೇಕಿಯೊಬ್ಬ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು. ವಾಸಕ್ಕೆಂದು ಪಡೆದ ಮನೆಯಲ್ಲಿ ಕೇಳದೆ ಬ್ಯೂಟಿ ಪಾರ್ಲರ್ ತೆರೆಯುವಂತಿಲ್ಲ. ಒಪ್ಪಿಗೆಯಿಲ್ಲದೆ ಶಾಶ್ವತವಾದದ್ದೇನನ್ನೂ ಕಟ್ಟುವಂತಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲದಿದ್ದರೆ, ಮನೆ ನೋಡಲು ಬಂದ ಮಾಲೀಕರಿಗೆ ಬಾಗಿಲು ತೆಗೆಯಬೇಕು. ಬಿಡುವಾಗ, ಬಂದಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು, ಬಳಕೆಯಿಂದ ಸಹಜವಾಗಿ ಸವೆದದ್ದನ್ನು ಬಿಟ್ಟು. ಐದು ವರ್ಷದಲ್ಲಿ ಮಾಸಿದ ಬಣ್ಣ ಸಹಜ ಸವೆತವಲ್ಲದೆ ಮತ್ತೇನು? ಆದರೂ ನನ್ನ ಒಂದು ತಿಂಗಳ ಬಾಡಿಗೆ ಹೋಯಿತು, ಏಕೆಂದರೆ ಕಾಗದದಲ್ಲಿ ಹಾಗೆ ಬರೆದಿತ್ತು. ಕಾನೂನು ಸುಮ್ಮನಾಯಿತು. ಈಗ ನಾನು ಆ ಸಾಲು ಬಂದಾಗ ಕೇಳುತ್ತೇನೆ: ಮೂರು ವರ್ಷ ಮೀರಿ ಇದ್ದರೆ ಬಣ್ಣ ನಿಮ್ಮದು, ಅದಕ್ಕೆ ಮುಂಚೆ ಬಿಟ್ಟರೆ ಬಿಲ್ಲು ತೋರಿಸಿ ಹಿಡಿದುಕೊಳ್ಳಿ. ಒಪ್ಪದ ಮಾಲೀಕರು ಇದುವರೆಗೆ ಒಬ್ಬರೇ ಸಿಕ್ಕಿದ್ದಾರೆ.

ಈ ಊರಿಗೇ ಸೇರಿದ ಒಂದೆರಡು ಕಲಮುಗಳು 1882ರವರಿಗೆ ಹೊಳೆದಿರಲಾರವು. ಒಂದು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟು ಟ್ಯಾಂಕರ್ ರೇಟು ಏರಿದಾಗ ಜಿಲ್ಲಾಡಳಿತವೇ ದರ ಗೊತ್ತು ಮಾಡಬೇಕಾಯಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ದುಡ್ಡು ಯಾರು ಕೊಡಬೇಕು ಎಂದು ಎಷ್ಟು ಮನೆಗಳಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಮಾತು ಬಿಟ್ಟುಹೋಯಿತು! ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದರೂ, ಮನೆ ನೋಡಲು ಹೋದಾಗ "ಕಾವೇರಿ ಇದೆಯಾ, ವಾರಕ್ಕೆ ಎಷ್ಟು ದಿನ, ಟ್ಯಾಂಕರ್ ತರಿಸಿದರೆ ಯಾರ ಲೆಕ್ಕ" ಎಂದು ಕೇಳಿ ಬರೆಸಿಕೊಳ್ಳುವುದನ್ನು ನಾನು ಬಿಟ್ಟಿಲ್ಲ.

ಇನ್ನೊಂದು ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ ಮೀಟರಿನ ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಅವರು ಹೋಗುವಾಗ ಅದನ್ನು ಬಿಡಿಸಿಕೊಂಡು ಹೋಗಬೇಕು. ನೀವೂ ಬಿಡುವಾಗ ಬಿಡಿಸಬೇಕು. ನೋಂದಣಿಗೆ ಕರಾರು ಪತ್ರವೇ ಆಧಾರವಾದ್ದರಿಂದ, ಬಾಯಿಮಾತಿನಲ್ಲಿ ಮನೆ ಹಿಡಿದವರು ಇಲ್ಲಿಯೂ ಹಿಂದೆ ಬೀಳುತ್ತಾರೆ.

ಅಡ್ವಾನ್ಸ್ ಯಾರ ದುಡ್ಡು

ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬೆಂಗಳೂರಿನ ಹೆಸರಿಗೆ ಅಂಟಿದ ಮಾತು. ಈಗೀಗ ಐದಾರು ತಿಂಗಳಿಗೆ ಇಳಿದ ಕಡೆಗಳೂ ಇವೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ. ರಾಜ್ಯ ತನ್ನದಾಗಿ ಕಾನೂನು ಮಾಡಿಕೊಳ್ಳದೆ ಯಾರನ್ನೂ ಕಟ್ಟಿಹಾಕದು. ಎರಡು ತಿಂಗಳು ಮಾಲೀಕರಿಗೆ ಸಾಲದು ಎಂಬುದು ನನಗೂ ಅರ್ಥವಾಗುತ್ತದೆ. ಬಸವೇಶ್ವರನಗರದಲ್ಲಿ ನನಗೆ ಪರಿಚಯದ ಹಿರಿಯ ವಿಧವೆಯೊಬ್ಬರಿದ್ದಾರೆ. ಮೇಲಿನ ಮನೆಯ ಬಾಡಿಗೆಯೇ ಅವರ ಪಿಂಚಣಿ. ಬಾಡಿಗೆದಾರರು ಏಳು ತಿಂಗಳು ಕೊಡದೆ ನಿಂತಾಗ, ಕೋರ್ಟಿಗೆ ಹೋದರೆ ಎಷ್ಟು ವರ್ಷವೋ ಎಂದು ಹೆದರಿ ಅವರು ತಾವೇ ಮಾತ್ರೆ ಕಡಿಮೆ ಮಾಡಿಕೊಂಡಿದ್ದರು. ಅಡ್ವಾನ್ಸ್ ಇರುವುದು ಇಂಥವರಿಗಾಗಿ. ಆದರೂ ಹತ್ತು ತಿಂಗಳು ಹೆಚ್ಚಾಯಿತು. ನಾಲ್ಕು ತಿಂಗಳ ಸುತ್ತ ಇಬ್ಬರಿಗೂ ನ್ಯಾಯ ಸಿಗುತ್ತದೆ ಎಂದು ನನ್ನ ಲೆಕ್ಕ.

ಎಷ್ಟೇ ಇರಲಿ, ಅದು ಬಾಡಿಗೆದಾರರ ದುಡ್ಡು. ಮಾಲೀಕರ ಹತ್ತಿರ ಇಟ್ಟದ್ದು. "ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಮೇಲೆ ಕೊಡ್ತೀನಿ" ಎಂಬ ಮಾತು ಕೇಳದ ಬಾಡಿಗೆದಾರ ಇದ್ದಾನೆಯೇ? ಅದಕ್ಕೇ ಯಾವ ದಿನ, ಯಾವ ಅಕೌಂಟಿಗೆ, ತಡವಾದರೆ ಎಷ್ಟು ಬಡ್ಡಿ ಎಂಬ ಮೂರು ಮಾತು ಕರಾರಿನಲ್ಲಿರಬೇಕು. ಮಧ್ಯೆ ಮನೆ ಮಾರಾಟವಾದರೆ ಬಾಡಿಗೆ ಹಕ್ಕು ತಾನಾಗಿ ಅಳಿಯುವುದಿಲ್ಲ, ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಆದರೂ ಅಡ್ವಾನ್ಸ್ ತಮ್ಮ ಹೊಣೆ ಎಂದು ಅವರಿಂದ ಒಂದು ಸಾಲು ಬರೆಸಿಕೊಳ್ಳದೆ ಹೊಸ ಬಾಡಿಗೆ ಕೊಡಬಾರದು. ಜಗಳವಾದಾಗ ಕರೆಂಟು ಕೀಳುವುದು, ನೀರು ನಿಲ್ಲಿಸುವುದು, ಊರಿಗೆ ಹೋದಾಗ ಬೀಗ ಬದಲಾಯಿಸುವುದು ಮಾಲೀಕರ ಹಕ್ಕಲ್ಲ. ಬಿಡಿಸುವುದಿದ್ದರೆ ಕೋರ್ಟಿನ ಮೂಲಕವೇ. ಹಾಗೆ ಬಲವಂತವಾಗಿ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಎನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗಂತೂ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿಗೆ ಹಕ್ಕಿದೆ. ಆ ಹಿರಿಯ ವಿಧವೆಗೂ ನಾನು ಹೇಳಿದ್ದು ಇದನ್ನೇ. ಅಲ್ಲಿಂದ ಹೋದ ನೋಟಿಸಿಗೇ ಅವರ ಬಾಡಿಗೆ ಬಂತು.

ಕಳೆದ ವರ್ಷ ನನ್ನ ತಂಗಿಯ ಮಗಳು ಕೆಂಗೇರಿ ಉಪನಗರದ ಕಡೆ ಒಂದು ಮನೆ ಭೋಗ್ಯಕ್ಕೆ ನೋಡಿ ಬಂದಳು. ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿ ಮುಟ್ಟಿದ ಮೇಲೆ ಅಲ್ಲಿಂದ ಆಫೀಸಿಗೆ ಹೋಗುವುದು ಅವಳಿಗೆ ಸುಲಭ. ಹದಿನಾಲ್ಕು ಲಕ್ಷ. ಅವಳ ಮತ್ತು ಅವಳ ಗಂಡನ ಆರು ವರ್ಷದ ಉಳಿತಾಯ.

"ಮನೆ ತುಂಬ ಚೆನ್ನಾಗಿದೆ ಮಾಮ. ನಾಳೆನೇ ಟೋಕನ್ ಕೊಡ್ಬೇಕಂತೆ, ಇಲ್ದಿದ್ರೆ ಬೇರೆಯವರಿಗೆ ಹೋಗತ್ತಂತೆ."

"ಹೋಗ್ಲಿ ಬಿಡಮ್ಮ. ಮೂಲ ಕ್ರಯಪತ್ರ ತೋರಿಸಿದ್ರಾ?"

"ಜೆರಾಕ್ಸ್ ತೋರಿಸಿದ್ರು."

ಜೆರಾಕ್ಸ್ ಮಾತ್ರ ಇದ್ದರೆ ಅಸಲು ಎಲ್ಲಿದೆ ಎಂದು ಕೇಳಬೇಕು. ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು, ನಮ್ಮವರು ಇಸಿ ಎನ್ನುವುದು ಅದನ್ನೇ. ಎರಡನೇ ಪುಟದಲ್ಲಿ ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಪಡೆದ ಸಾಲದ ನಮೂದು ಇತ್ತು. ಮಾಲೀಕರಿಗೆ ಫೋನ್ ಮಾಡಿದರೆ, "ಅದು ಮುಗೀತಾ ಬಂದಿದೆ ಸಾರ್, ನಿಮ್ಮ ದುಡ್ಡಲ್ಲೇ ಕ್ಲಿಯರ್ ಮಾಡ್ಬಿಡ್ತೀನಿ" ಎಂದರು. ಹಾಗಾದರೆ ಅಷ್ಟು ಮೊತ್ತವನ್ನು ನೇರ ಬ್ಯಾಂಕಿನ ಸಾಲದ ಖಾತೆಗೇ ಕಟ್ಟುತ್ತೇವೆ, ಸಾಲ ತೀರಿದ ಪತ್ರ ಬಂದ ದಿನ ಉಳಿದದ್ದು ಕೊಟ್ಟು ಭೋಗ್ಯ ನೋಂದಾಯಿಸೋಣ ಎಂದೆ. ಯೋಚಿಸಿ ಹೇಳುತ್ತೇನೆ ಎಂದವರು ಮತ್ತೆ ಕರೆ ಮಾಡಲಿಲ್ಲ. ಅವಳು ಎರಡು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು.

ಕೊನೆಗೆ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್‌ನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಬಾಡಿಗೆಗೇ ಒಂದು ಮನೆ ಸಿಕ್ಕಿತು. ನಾಲ್ಕು ತಿಂಗಳ ಅಡ್ವಾನ್ಸ್‌ಗೆ ಒಪ್ಪಿದರು. ಹಾಲುಕ್ಕಿಸುವ ಹಿಂದಿನ ಸಂಜೆ ನಾವೆಲ್ಲ ಖಾಲಿ ಮನೆಗೆ ಹೋದೆವು. ಅವಳ ಗಂಡ ಕರೆಂಟ್ ಮೀಟರಿನ ಫೋಟೋ ತೆಗೆದ. ಅವಳು ಒಂದೊಂದೇ ಗೋಡೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಬಚ್ಚಲಲ್ಲಿ ಬಿರುಕು ಬಿಟ್ಟ ಒಂದು ಟೈಲನ್ನು ಹತ್ತಿರ ಹೋಗಿ ತೆಗೆದಳು. ಓನರ್ ಆಂಟಿ ಕಾಫಿ ಹಿಡಿದು ಮೇಲೆ ಬಂದವರು, ನಾವು ಏನು ಮಾಡುತ್ತಿದ್ದೇವೆಂದು ಕೇಳಿ ತಿಳಿದು, ತಾವೂ ಕನ್ನಡಕ ಹಾಕಿಕೊಂಡು ಕೂತರು. ನಾನು ಕರಾರಿನ ಕೊನೆಯ ಪುಟ ತೆಗೆದೆ. "ಫ್ಯಾನ್ 4" ಎಂದು ಟೈಪಾಗಿತ್ತು.

"ನಾಲ್ಕೆಲ್ಲಿ? ಮೂರೇ ಇರೋದು" ಎಂದರು ಆಂಟಿ.

ಪೆನ್ನಿನಲ್ಲಿ ನಾಲ್ಕನ್ನು ಹೊಡೆದು ಮೂರು ಮಾಡಿ ಪಕ್ಕದಲ್ಲಿ ಅವರೂ ಸಹಿ ಹಾಕಿದರು, ಇವಳೂ ಹಾಕಿದಳು. ಆಮೇಲೆ ಮೂರನ್ನೂ ಒಂದೊಂದಾಗಿ ಹಾಕಿ ನೋಡಿದೆವು. ಅಡುಗೆಮನೆ ಪಕ್ಕದ ರೂಮಿನದು ಸ್ವಲ್ಪ ಸದ್ದು ಮಾಡುತ್ತಿತ್ತು. ಅದನ್ನೂ ಬರೆದೆವು.